ರಾಜಾಜಿನಗರದ ಮನೆ ಬಿಟ್ಟು ಒಂದು ಕೋಣೆಯ ಮನೆಗೆ ಬಂದೆವು: ಉಯ್ಯಾಲೆ ಮಣೆಯನ್ನು ಏನು ಮಾಡಲಿ?

ಗಿರಿನಗರಕ್ಕೆ ಹೊಸಬ:
ಎಲ್ಲರಿಗೂ ನಮಸ್ಕಾರ. ರಾಜಾಜಿನಗರದಲ್ಲಿ ಮೂವತ್ತು–ನಲವತ್ತರ ನಿವೇಶನದ ಮೇಲಿದ್ದ ಎರಡು ಅಂತಸ್ತಿನ ಮನೆಯನ್ನು ಬಿಟ್ಟು ಗಿರಿನಗರದ ಫ್ಲ್ಯಾಟಿಗೆ ಬಂದು ಐದು ತಿಂಗಳಾಯಿತು. ಒಂದು ಮಲಗುವ ಕೋಣೆ, ಒಂದು ನಡುಮನೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ, ಒಂದು ಬಾಲ್ಕನಿ. ಒಟ್ಟು 580 ಚದರ ಅಡಿ. ಹಳೆಯದು ಅಪ್ಪ ಕಟ್ಟಿಸಿದ ಮನೆ. ನಾವು ಮೂವರು ಅಣ್ಣತಮ್ಮಂದಿರು, ಇಂದಲ್ಲ ನಾಳೆ ಪಾಲಾಗಲೇಬೇಕಿತ್ತು. ಜಗಳವಿಲ್ಲದೆ ಆಯಿತು, ಅದೇ ದೊಡ್ಡದು. ಮಗಳು ಪುಣೆಯಲ್ಲಿದ್ದಾಳೆ. ನನ್ನ ಮೊಣಕಾಲು ಮೆಟ್ಟಿಲಿನ ಹೆಸರು ಕೇಳಿದರೆ ಮುನಿಯುತ್ತದೆ. ಲಿಫ್ಟ್ ಇರುವ ಚಿಕ್ಕ ಮನೆ ಸಾಕು ಎಂದುಕೊಂಡೆವು.

ಸಾಮಾನು ಸಾಗಿಸಲು ಬಂದ ಟೆಂಪೋ ಚಾಲಕ ಎರಡೂ ಮನೆಗಳನ್ನು ನೋಡಿದ್ದ. ಅಂಗಳದಲ್ಲಿ ಗುಡ್ಡೆ ಹಾಕಿದ್ದನ್ನು ಒಮ್ಮೆ ನೋಡಿ, ತಲೆ ಕೆರೆದುಕೊಂಡು, "ಇದೆಲ್ಲ ಅಲ್ಲಿಗೇ ಹೋಗಬೇಕೇ ಸಾರ್?" ಎಂದ. ಆ ಪ್ರಶ್ನೆಯನ್ನು ನಾವು ಒಂದು ತಿಂಗಳ ಹಿಂದೆಯೇ ಕೇಳಿಕೊಳ್ಳಬೇಕಿತ್ತು. ಅಟ್ಟ ಇಳಿಸಿದಾಗ ಸಿಕ್ಕಿದ್ದು ಮುಚ್ಚಳವಿಲ್ಲದ ಹನ್ನೊಂದು ಡಬ್ಬಿ, ಯಾವ ಡಬ್ಬಿಗೂ ಕೂರದ ಏಳು ಮುಚ್ಚಳ, ಕಡ್ಡಿ ಮುರಿದ ಮೂರು ಕೊಡೆ, 1987ರಿಂದ ಇಲ್ಲಿಯವರೆಗಿನ ಕಂದಾಯದ ರಶೀದಿಗಳ ಕಟ್ಟು, ಮತ್ತು ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ನನ್ನ ಕೊಳಲು.

ಬ್ಯಾಂಕಿನ ನೌಕರಿ ಸೇರುವ ಮುಂಚೆ ನಾಲ್ಕು ವರ್ಷ ಕೊಳಲು ಕಲಿತಿದ್ದೆ. ಮೊದಲ ವರ್ಗಾವಣೆಯಲ್ಲೇ ಪಾಠ ತಪ್ಪಿತು, ಎರಡನೆಯದರಲ್ಲಿ ಕೊಳಲೂ ಕೈತಪ್ಪಿ ಅಟ್ಟ ಸೇರಿತು. ಈಗ ತೆಗೆದು ಊದಿದರೆ ಒಂದು ವಾರ ಬರೀ ಗಾಳಿ. ಬಿದಿರು ಒಣಗಿದೆ ಎಂದು ಕಡಲೆಕಾಯಿ ಎಣ್ಣೆ ಸವರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಒಂದು ರಂಧ್ರದಲ್ಲಿ ಒಳಹೋಗಿ ಇನ್ನೊಂದರಲ್ಲಿ ಹೊರಬರುತ್ತಿದ್ದ ಇರುವೆಗಳ ಮೆರವಣಿಗೆ. ಎಂಟನೆಯ ದಿನ ಒಂದು ಷಡ್ಜ ಹೊರಟಿತು. ಎಷ್ಟು ಹೊತ್ತು ನಿಂತಿತು ಎಂದು ಕೇಳಬೇಡಿ. ಕಣ್ಣು ಮಂಜಾಯಿತು, ವಯಸ್ಸಿನಿಂದಲೋ ಎಣ್ಣೆಯ ಜಿಡ್ಡಿನಿಂದಲೋ ಗೊತ್ತಿಲ್ಲ.

ಹಳೇ ಮನೆಯಲ್ಲಿ ನನ್ನ ಭಾನುವಾರಗಳು ಹೇಗೆ ಹೋಗುತ್ತಿದ್ದವು ಎಂದು ಈಗ ಲೆಕ್ಕ ಹಾಕುತ್ತೇನೆ. ಸಂಪು ತೊಳೆಸುವುದು, ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್, ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು, ಬಾಡಿಗೆಯವರ ಗೀಸರ್, ಗೇಟಿನ ತುಕ್ಕು. ನಾನು ಮನೆಯಲ್ಲಿ ವಾಸವಾಗಿದ್ದೆನೋ ಮನೆಗೆ ಸಂಬಳವಿಲ್ಲದ ಮೇಸ್ತ್ರಿಯಾಗಿದ್ದೆನೋ! ಈಗ ಅದೆಲ್ಲ ಸಂಘದವರ ತಲೆನೋವು. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿದರೆ ಮಧ್ಯಾಹ್ನದವರೆಗೆ ಯಾರೂ ನನ್ನನ್ನು ಕರೆಯುವುದಿಲ್ಲ. ಮೊದಲ ತಿಂಗಳು ಅದೇ ಹಿಂಸೆಯಾಗಿತ್ತು.

ಎರಡು ಪ್ರಶ್ನೆಗಳಿವೆ. ಒಂದು, ಮೇಲಿನ ಮನೆಯವರು ಕೊಳಲಿನ ಬಗ್ಗೆ ಗೊಣಗಿದ್ದಾರೆ. ಮನೆ ಒಂದು ಕೋಣೆಯದು, ಕೊಳಲು ಐದು ಮನೆ ಶ್ರುತಿಯದು (ಹಾರ್ಮೋನಿಯಂನ ಐದನೇ ಬಿಳಿ ಮನೆ, ದನಿ ಏರು). ಸದ್ದು ಎಲ್ಲಿಗೆ ಹೋಗಬೇಕು? ಎರಡು, ಅಪ್ಪನ ಉಯ್ಯಾಲೆ. ಹಿತ್ತಾಳೆ ಸರಪಳಿ ಅಣ್ಣನ ಪಾಲಿಗೆ ಹೋಯಿತು, ತೇಗದ ಮಣೆ ನನ್ನ ಪಾಲಿಗೆ ಬಂತು. ಐದೂವರೆ ಅಡಿ ಉದ್ದ, ಎರಡಡಿ ಅಗಲ. ಇಲ್ಲಿ ಸೂರಿಗೆ ಕೊಂಡಿ ಹಾಕಲು ಸಂಘದವರು ಬಿಡುವುದಿಲ್ಲ. ನಡುಮನೆಯ ಗೋಡೆಗೆ ಒರಗಿಸಿದ್ದೇನೆ. ಕೆಲಸ ಕಳೆದುಕೊಂಡು ಬಂದ ನೆಂಟರ ಹಾಗೆ ನಿಂತಿದೆ. ಹೋಗಿ ಎನ್ನಲಾಗದು, ಇರಿ ಎನ್ನಲಾಗದು.

ಮಲ್ಲೇಶ್ವರ ಹದಿನೈದನೇ ಅಡ್ಡರಸ್ತೆ:
ಮಾರಬೇಡಿ ಸಾರ್. ಈಗಿನ ಕಾಲದಲ್ಲಿ ಅಂಥ ಅಗಲದ ಒಂದೇ ಹಲಗೆ ಸಿಗುವುದಿಲ್ಲ. ನಾವು ಅವಸರಕ್ಕೆ ಬಿದ್ದು ಬೀಟೆಯ ಬೀರು ಕೊಟ್ಟುಬಿಟ್ಟೆವು. ಇಂದಿಗೂ ನಮ್ಮತ್ತೆ ಆ ಅಂಗಡಿಯ ಮುಂದೆ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಾರೆ.

ಶ್ರುತಿಪೆಟ್ಟಿಗೆ:
ಕೊಳಲಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಮರಗೆಲಸ ನನಗೆ ತಿಳಿಯದು.

ವೀಣೆಯನ್ನು ಮೆಲ್ಲಗೆ ಮೀಟಬಹುದು, ಕೊಳಲನ್ನು ಕಲಿಯುವಾಗ ಮೆಲ್ಲಗೆ ಊದಲು ಹೋದರೆ ನಾದವೇ ಒಡೆಯುತ್ತದೆ. ಆದ್ದರಿಂದ ಸದ್ದು ತಗ್ಗಿಸುವ ಯೋಚನೆ ಬಿಡಿ, ಹೊತ್ತು ಬದಲಿಸಿ. ಬೆಳಿಗ್ಗೆ ಆರಕ್ಕೆ ಊದುತ್ತಿದ್ದೀರಿ ಎಂದು ಊಹಿಸುತ್ತೇನೆ, ಏಕೆಂದರೆ ನಮ್ಮ ಗುರುಗಳೆಲ್ಲ ಬ್ರಾಹ್ಮೀ ಮುಹೂರ್ತ ಎಂದೇ ಕಿವಿಯಲ್ಲಿ ಊದಿದ್ದರು. ಫ್ಲ್ಯಾಟಿನಲ್ಲಿ ಬ್ರಾಹ್ಮೀ ಮುಹೂರ್ತ ಎಂದರೆ ಬೆಳಿಗ್ಗೆ ಹತ್ತೂವರೆ. ಆಗ ಅರ್ಧ ಕಟ್ಟಡ ಕೆಲಸಕ್ಕೆ ಹೋಗಿರುತ್ತದೆ. ಮೇಲಿನ ಮನೆಯವರನ್ನೇ ಕೇಳಿ ಹೊತ್ತು ಗೊತ್ತುಮಾಡಿಕೊಳ್ಳಿ. ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು. ನೀವು ಸರಳೆ ವರಸೆಯನ್ನು, ಅಂದರೆ ಮೊದಲ ಸ್ವರಪಾಠವನ್ನು, ಮಾಯಾಮಾಳವಗೌಳ ರಾಗದಲ್ಲೇ ಶುರು ಮಾಡಿರುತ್ತೀರಿ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ನಮ್ಮ ಪರಂಪರೆ ನಂಬುತ್ತದೆ. ಹಾಡುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೊಳಲಿನಲ್ಲಿ ಶುದ್ಧ ರಿಷಭಕ್ಕೂ ಶುದ್ಧ ಧೈವತಕ್ಕೂ ರಂಧ್ರವನ್ನು ಅರ್ಧ ಮಾತ್ರ ಮುಚ್ಚಬೇಕು. ಅರವತ್ತು ದಾಟಿದ ಬೆರಳಿಗೆ ಆ ಅರ್ಧ ಸಿಗುವುದು ಕಷ್ಟ. ಮುಕ್ಕಾಲು ಸಿಗುತ್ತದೆ, ಕಾಲು ಸಿಗುತ್ತದೆ. ಎರಡು ತಿಂಗಳು ಹರಿಕಾಂಭೋಜಿ ರಾಗದಲ್ಲಿ ಅದೇ ವರಸೆಗಳನ್ನು ನುಡಿಸಿ, ಬೆರಳು ಪಳಗಲಿ. ಮೇಲಿನ ಎರಡು ರಂಧ್ರ ಮುಚ್ಚಿ ಬರೀ ಷಡ್ಜವನ್ನು ಉಸಿರು ಮುಗಿಯುವವರೆಗೆ ಹಿಡಿಯಿರಿ, ದಿನಕ್ಕೆ ಇಪ್ಪತ್ತು ಸಲ. ಮೇಲಿನ ಮನೆಯವರಿಗೆ ಅದು ವರಸೆಗಿಂತ ಹಿತವಾಗಿರುತ್ತದೆ.

ಕಡಲೆಕಾಯಿ ಎಣ್ಣೆಯ ವಿಚಾರ ಓದಿ ನಕ್ಕುಬಿಟ್ಟೆ. ಎರಡು ಹನಿ ಸಾಸಿವೆ ಎಣ್ಣೆ ಸಾಕು, ಹಚ್ಚಿದ ಮೇಲೆ ಬಟ್ಟೆಯಿಂದ ಒರೆಸಿಬಿಡಿ. ಬಿದಿರಿಗೆ ಒಗ್ಗರಣೆ ಬೇಕಿಲ್ಲ.

ವಠಾರದ ಹುಡುಗ:
ಹೊಸಬರೇ, ಬೇಸರ ಮಾಡಿಕೊಳ್ಳಬೇಡಿ. ಈ "ಚಿಕ್ಕ ಮನೆಯ ಸುಖ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಉರಿಯುತ್ತದೆ. ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಒಂದು ಓಣಿ, ಎದುರುಬದುರಾಗಿ ಒಂಬತ್ತು ಮನೆ, ಎರಡು ಕಕ್ಕಸು, ಒಂದು ನಲ್ಲಿ. ನಮ್ಮದು ಎರಡು ಕೋಣೆ, ಏಳು ಜನ. ಅಕ್ಕನಿಗೆ ಓದಲು ಜಾಗವಿಲ್ಲದೆ ಒಲೆ ಆರಿದ ಮೇಲೆ ಅಡುಗೆಕಟ್ಟೆಯ ಮೇಲೆ ಕೂತು ಎಸ್ಸೆಸ್ಸೆಲ್ಸಿ ಓದಿದಳು. ಮನೆ ಒಡೆಯ ತಿಂಗಳ ಐದಕ್ಕೆ ಸರಿಯಾಗಿ ಬಾಗಿಲಲ್ಲಿ ಕೆಮ್ಮುತ್ತಿದ್ದ. ಅದನ್ನು ನಾವು ಸರಳ ಜೀವನ ಎನ್ನಲಿಲ್ಲ, ಇಕ್ಕಟ್ಟು ಎಂದೆವು. ಇಂದಿಗೂ ಈ ಊರಿನಲ್ಲಿ ನಿಮ್ಮ 580 ಅಡಿಯಲ್ಲಿ ಆರು ಜನ ಇರುವ ಮನೆಗಳು ಎಷ್ಟು ಬೇಕು! ಇಬ್ಬರಿಗೆ 580 ಅಡಿ ಚಿಕ್ಕದಲ್ಲ ಸ್ವಾಮಿ, ಅಚ್ಚುಕಟ್ಟು.

ಹಾಗೆಂದು ನಿಮ್ಮ ಕೊಳಲಿಗೆ ನನ್ನ ತಕರಾರಿಲ್ಲ. ಉಯ್ಯಾಲೆ ಮಣೆಗೆ ಒಂದು ದಾರಿಯನ್ನೂ ಹೇಳುತ್ತೇನೆ. ನಮ್ಮ ವಠಾರದ ಜಗಲಿಯ ಕಲ್ಲಿನ ಮೇಲೆ ಯಾರೋ ಪುಣ್ಯಾತ್ಮರು ಚೌಕಾಬಾರದ ಮನೆಗಳನ್ನು ಉಳಿಯಿಂದ ಕೊರೆದಿಟ್ಟಿದ್ದರು. ಐದಕ್ಕೆ ಐದು, ಇಪ್ಪತ್ತೈದು ಮನೆ. ನಾಲ್ಕು ಅಂಚಿನ ನಡುವೆ ಒಂದೊಂದು ಕಟ್ಟೆ, ಮಧ್ಯದಲ್ಲಿ ಹಣ್ಣಿನ ಮನೆ. ಮಧ್ಯಾಹ್ನ ಎರಡರಿಂದ ನಲ್ಲಿ ಬರುವವರೆಗೆ ಹೆಂಗಸರದ್ದು, ಸಂಜೆ ನಮ್ಮದು. ಬಳೆಚೂರು, ಹುಣಸೆಬೀಜ, ಗುಂಡಿ, ಕಡಲೆಕಾಯಿ ಸಿಪ್ಪೆ, ಇವೇ ಕಾಯಿ. ಕವಡೆ ಕಳೆದುಹೋದಾಗ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳುತ್ತಿದ್ದೆವು. ನಿಮ್ಮ ಮಣೆ ಎರಡಡಿ ಅಗಲ ಎಂದಿರಿ. ಮಧ್ಯದಲ್ಲಿ ಚೌಕ ಬರೆದು ಎರಡೂ ಕಡೆ ಇಬ್ಬರು ಕೂರಬಹುದು.

ಮಲ್ಲೇಶ್ವರ ಹದಿನೈದನೇ ಅಡ್ಡರಸ್ತೆ:
ತೇಗದ ಹಲಗೆಯ ಮೇಲೆ ಉಳಿ ಇಡಬೇಡಿ ದಯವಿಟ್ಟು. ಸೀಮೆಸುಣ್ಣ ಸಾಕು.

ಧಾರವಾಡದ ಸೂಜಿ:
ನಾನು ಮಗನ ಮನೆಗೆ ಬಂದು ಮೂರು ವರ್ಷ. ಧಾರವಾಡದಲ್ಲಿ ನಮ್ಮದು ಹಿತ್ತಿಲು, ಬಾವಿ, ಮಾವಿನ ಗಿಡ ಇದ್ದ ಮನೆ. ಇಲ್ಲಿ ವಿಜಯನಗರದಲ್ಲಿ ನನಗೆಂದು ಇರುವುದು ಒಂದು ಕೋಣೆ, ಅದರಲ್ಲಿ ಮೊಮ್ಮಗಳ ಮೇಜೂ ಇದೆ. ವಠಾರದ ಹುಡುಗ ಹೇಳಿದ್ದು ನಿಜ. ಬೇಕೆಂದು ಚಿಕ್ಕದಕ್ಕೆ ಬರುವುದು ಬೇರೆ, ಬೇರೆ ದಾರಿಯಿಲ್ಲದೆ ಬರುವುದು ಬೇರೆ. ನಾನು ಎರಡರ ನಡುವಿನವಳು.

ನನ್ನ ಕೈಗೆ ಮರಳಿ ಬಂದದ್ದು ಕಸೂತಿ. ಅವ್ವ ಕಲಿಸಿದ್ದು, ನಲವತ್ತು ವರ್ಷ ಬಿಟ್ಟಿದ್ದೆ. ಇದಕ್ಕೆ ಬೇಕಾದ ಜಾಗ ಒಂದು ಗೇಣು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆಯನ್ನು ಎಣಿಸಿಯೇ ಹೊಲಿಯಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಸಲ ಎಳೆ ಬಿಟ್ಟು ಎಳೆ ಹಿಡಿದು ಮುಂದೆ ಹೋಗಬೇಕು, ಬಿಟ್ಟುಬಂದ ಸಂದುಗಳನ್ನು ಮರಳಿ ಬರುವಾಗ ತುಂಬಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಬಂದರೆ ಬಟ್ಟೆಯ ಮೇಲು ಯಾವುದು ಒಳಗು ಯಾವುದು ಹೇಳಲಾಗದು. ತುಳಸಿಕಟ್ಟೆ ಹೊಲಿಯಲು ಹೋಗಿ ಹೋಗುವಾಗ ಒಂದು ಎಳೆ ತಪ್ಪಿದ್ದೆ. ಅದು ಗೊತ್ತಾದದ್ದು ಮರಳಿ ಬರುವಾಗ, ಮೂರು ದಿನದ ಮೇಲೆ. ಎಲ್ಲ ಬಿಚ್ಚಿದೆ. ಮೊಮ್ಮಗಳು, "ಅಜ್ಜಿ, ಯಾರಿಗೂ ಕಾಣುವುದಿಲ್ಲ, ಬಿಡು" ಎಂದಳು. ಹಿಂದಿನಿಂದ ನೋಡಿದರೂ ಕಾಣುವ ಕೆಲಸವಮ್ಮ ಇದು ಎಂದೆ.

ಇಳಕಲ್ ಸೀರೆಯ ಮೇಲೆ ಈಗ ಧೈರ್ಯ ಬರುವುದಿಲ್ಲ, ಎಳೆ ಬಹಳ ಸಣ್ಣ. ಚಿಕ್ಕಪೇಟೆಯಿಂದ ಮ್ಯಾಟಿ ಬಟ್ಟೆ ತರಿಸಿಕೊಂಡಿದ್ದೇನೆ. ಅದರಲ್ಲಿ ಎಳೆ ದಪ್ಪ, ಕಣ್ಣಿನ ಪೊರೆ ತೆಗೆಸಿಕೊಂಡವರಿಗೂ ಕಾಣುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕಿಟಕಿಯಲ್ಲಿ ಬಿಸಿಲು ಬೀಳುತ್ತದೆ, ಆ ಒಂದು ತಾಸು ನನ್ನದು.

ಹಳೇ ಗ್ರಂಥಪಾಲಕ:
ಹೊಸಬರು ಕಂದಾಯದ ರಶೀದಿಗಳ ಕಟ್ಟು ಎಂದದ್ದು ನನ್ನ ಕಣ್ಣಿಗೆ ಬಿತ್ತು. ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲು ಹುಡುಕಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ. ಅಷ್ಟು ವರ್ಷ ದುಡ್ಡು ಕಟ್ಟಿದ್ದೀರಿ, ಒಳಗೆ ಕಾಲಿಟ್ಟಿದ್ದೀರಾ? ಕಬ್ಬನ್ ಉದ್ಯಾನದ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಫೋಟೊ ತೆಗೆಯುವುದಕ್ಕೆ ಮಾತ್ರ ಇರುವುದಲ್ಲ. ನಿಮಗೆ ಇನ್ನೂ ಹತ್ತಿರವಾದದ್ದು ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ; ಸಂಸ್ಥೆ 1945ರಿಂದ ನಡೆಯುತ್ತಿದೆ. ಪುಸ್ತಕ ಇಡಲು ಮನೆಯಲ್ಲಿ ಜಾಗವಿಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಕಪಾಟು ಊರಲ್ಲೇ ಇದೆ, ಬೀಗದ ಕೈ ನಿಮ್ಮಲ್ಲಿಲ್ಲ ಅಷ್ಟೆ.

ಹಕ್ಕಿ ಲೆಕ್ಕ:
ನನ್ನದೂ ಹೊಸಬರ ಕಥೆಯೇ, ಕೊಳಲಿನ ಬದಲು ದುರ್ಬೀನು. ತೋಟವಿದ್ದ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದೆ. ಸಪೋಟ, ಸೀಬೆ, ದಾಸವಾಳ ಎಲ್ಲ ಇತ್ತು, ಒಂದು ಹಕ್ಕಿಯ ಹೆಸರೂ ಗೊತ್ತಿರಲಿಲ್ಲ. ಬಗ್ಗಿ ಎಲೆ ಗುಡಿಸುವವನಿಗೆ ಕೊಂಬೆ ಕಾಣುವುದಿಲ್ಲ. ಈಗ ಜೆ.ಪಿ. ನಗರದ ಮೂರನೇ ಅಂತಸ್ತಿನಲ್ಲಿ ನನ್ನದೆನ್ನುವ ಒಂದು ಮರವೂ ಇಲ್ಲ, ಬೀದಿಯ ಹೊಂಗೆಮರದ ನೆತ್ತಿ ಮಾತ್ರ ಕುರ್ಚಿಯ ಮಟ್ಟಕ್ಕೆ ಸರಿಯಾಗಿದೆ. ಅದರ ಒಣಕೊಂಬೆಯಲ್ಲಿ ಕುಟ್ರುಹಕ್ಕಿಯೊಂದು ಗೂಡು ಕೊರೆಯಿತು. ಕೊಕ್ಕಿನಿಂದ ಕುಟ್ಟುವುದು, ಹಿಂದೆ ಸರಿದು ನೋಡುವುದು, ಬಾಯಿತುಂಬ ಹೊಟ್ಟು ತಂದು ಹೊರಗೆ ಉಗುಳುವುದು. ಹನ್ನೊಂದು ದಿನ. ನಮ್ಮ ಅಡುಗೆಮನೆಯ ಕಪಾಟು ಮಾಡಲು ಬಂದ ಬಡಗಿ ತೆಗೆದುಕೊಂಡದ್ದು ಒಂದು ತಿಂಗಳು.

ಈ ವಾರದ ಲೆಕ್ಕ: ಗೊರವಂಕ, ಪಿಕಳಾರ, ಸೂರಕ್ಕಿ, ಗಿಳಿ, ಹದ್ದು, ಕೋಗಿಲೆ. ಕಾಗೆಯನ್ನು ಎಣಿಸುವುದನ್ನು ಬಿಟ್ಟಿದ್ದೇನೆ. ಗುಬ್ಬಚ್ಚಿ ಸೊನ್ನೆ.

ಬಾಡಿಗೆ ಕೋಣೆ:
ಇಲ್ಲಿ ಎಲ್ಲರೂ ನಿವೃತ್ತರೇ ಇದ್ದಂತಿದೆ. ನನಗೆ ಇಪ್ಪತ್ತೊಂಬತ್ತು. ಮೂವರು ಗೆಳೆಯರು ಸೇರಿ ಹಿಡಿದಿದ್ದ ದೊಡ್ಡ ಫ್ಲ್ಯಾಟ್ ಬಿಟ್ಟು ತಾರಸಿಯ ಮೇಲಿನ ಒಂಟಿ ಕೋಣೆಗೆ ಬಂದೆ. ಮುಂಗಡವೇ ಹತ್ತು ತಿಂಗಳ ಬಾಡಿಗೆ ಕೇಳಿದರು, ಚೌಕಾಸಿ ಮಾಡಿ ಆರಕ್ಕೆ ಇಳಿಸಿದೆ. ಕೋಣೆ ಬೇಸಿಗೆಯಲ್ಲಿ ಕಾದ ಕಾವಲಿ. ಆದರೆ ಹೊರಗೆ ಪೂರಾ ತಾರಸಿ ನನ್ನದು. ಹಣ್ಣಿನ ಪೆಟ್ಟಿಗೆಯಲ್ಲಿ ಅಡುಗೆಮನೆಯ ಮೆಂತ್ಯಕಾಳನ್ನೇ ಚೆಲ್ಲಿದೆ, ನಾಲ್ಕನೇ ವಾರ ಸೊಪ್ಪು ಕಿತ್ತು ಪಲ್ಯ ಮಾಡಿದೆ. ಒಂದು ಬಟ್ಟಲು ಬಂತು. ಊರಿಗೆ ಫೋನ್ ಮಾಡಿ ಹೇಳಿದರೆ ಮೂರು ಎಕರೆ ಬೆಳೆಯುವ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಗು ತಡೆದುಕೊಳ್ಳುತ್ತಿದ್ದರು ಎಂದು ಆಮೇಲೆ ಅಮ್ಮ ಹೇಳಿದರು.

ಗಿರಿನಗರಕ್ಕೆ ಹೊಸಬ:
ಇದು ಹೊಸಬರಲ್ಲ, ಅವರ ಹೆಂಡತಿ. ಇವರು ಮೊಬೈಲ್ ಬಿಟ್ಟು ವಾಕಿಂಗ್ ಹೋಗಿದ್ದಾರೆ. ಓದುತ್ತಾ ಬಂದೆ, ಸುಮ್ಮನಿರಲಾಗಲಿಲ್ಲ.

"ಅಟ್ಟ ಇಳಿಸಿದಾಗ ಸಿಕ್ಕಿದ್ದು" ಎಂದು ಬರೆದಿದ್ದಾರೆ. ಇಳಿಸಿದವರು ಯಾರು ಎಂದು ಬರೆದಿಲ್ಲ. ಏಣಿ ಹತ್ತಿದವಳು ನಾನು. ಇವರು ಕೆಳಗೆ ನಿಂತು ಪ್ರತಿಯೊಂದು ಡಬ್ಬಿಯ ಚರಿತ್ರೆ ಹೇಳುತ್ತಿದ್ದರು. ನನ್ನ ತವರಿನ ಹಂಡೆ, ಕೊಳದಪ್ಪಲೆ, ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಪಾತ್ರೆಗಳು, ಎಲ್ಲವನ್ನೂ ತೂಕಕ್ಕೆ ಹಾಕಿದ್ದೂ ನಾನೇ. ಒಂದೊಂದರ ಮೇಲೂ ನನ್ನಮ್ಮನ ಹೆಸರು ಕೊರೆದಿತ್ತು. ಅಂಗಡಿಯವನು ತಕ್ಕಡಿಗೆ ಹಾಕುವಾಗ ಆ ಮಗ್ಗುಲು ಕೆಳಗಾಗುವಂತೆ ಇಟ್ಟ. ಬೇಕೆಂದೇ ಹಾಗೆ ಮಾಡಿದನೋ ಏನೋ, ಒಳ್ಳೆಯ ಮನುಷ್ಯ. ಕೊನೆಗೆ ಒಂದು ಪಂಚಪಾತ್ರೆ ಉದ್ಧರಣೆಯನ್ನು ತಿರುಗಿ ಎತ್ತಿಕೊಂಡು ಬಂದೆ.

ದಸರೆಗೆ ಒಂಬತ್ತು ಮೆಟ್ಟಿಲು ಬೊಂಬೆ ಕೂರಿಸುತ್ತಿದ್ದೆ. ಈಗ ಮೂರು. ಪಟ್ಟದ ಬೊಂಬೆಗಳು, ದಶಾವತಾರ, ಚನ್ನಪಟ್ಟಣದ ಒಂದಿಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಓರಗಿತ್ತಿಯರಿಗೂ ಹಳೇ ಬೀದಿಯ ಹುಡುಗಿಯರಿಗೂ ಹಂಚಿದೆ. ಕ್ರಿಕೆಟ್ ತಂಡದ ಸೆಟ್ಟನ್ನು ಯಾರೂ ಒಯ್ಯಲಿಲ್ಲ, ವಿಕೆಟ್ ಕೀಪರನಿಗೆ ತಲೆಯಿಲ್ಲ.

ಇನ್ನು ಹವ್ಯಾಸದ ಮಾತು. ಇವರಿಗೆ ಕೊಳಲು ಸಿಕ್ಕಿತು, ನನಗೆ ಏನು ಸಿಕ್ಕಿತು ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನನಗೆ ಅಡುಗೆ ಇಷ್ಟವಿಲ್ಲ ಎಂದು ತಿಳಿಯಿತು, ಅರವತ್ತೊಂದನೇ ವಯಸ್ಸಿನಲ್ಲಿ. ಆ ದೊಡ್ಡ ಅಡುಗೆಮನೆಯಲ್ಲಿ ಹಬ್ಬಕ್ಕೆ ಮೂವತ್ತು ಎಲೆ ಹಾಕಿಸುವಾಗ ಎಲ್ಲರೂ ನನ್ನ ಕೈರುಚಿ ಹೊಗಳುತ್ತಿದ್ದರು, ನಾನೂ ನಂಬಿಕೊಂಡಿದ್ದೆ. ಇಲ್ಲಿ ಒಂದು ಸಾರು, ಒಂದು ಪಲ್ಯ, ಹತ್ತು ಗಂಟೆಗೆ ಒಲೆ ಆರುತ್ತದೆ. ಒಂದು ದಿನವೂ ಆ ಮೂವತ್ತು ಎಲೆ ನೆನಪಾಗಲಿಲ್ಲ. ಆಮೇಲೆ ಪತ್ರಿಕೆಯ ಪದಬಂಧ ಹಿಡಿಯುತ್ತೇನೆ, ಪಕ್ಕದಲ್ಲಿ ರೇಡಿಯೊದಲ್ಲಿ ಶಾಸ್ತ್ರೀಯ ಸಂಗೀತ. ಇವರು ಅದರ ಜೊತೆಗೆ ಕೊಳಲು ಸೇರಿಸಲು ನೋಡುತ್ತಾರೆ. ಮೇಲಿನ ಮನೆಯವರು ಗೊಣಗಿದ್ದು ಅದಕ್ಕೆ, ನನ್ನ ಅನುಮೋದನೆಯೂ ಇತ್ತು.

ಮಣೆಯ ವಿಚಾರ ತೀರ್ಮಾನವಾಗಿದೆ. ಎರಡು ಕಬ್ಬಿಣದ ಟ್ರಂಕಿನ ಮೇಲೆ ಅದನ್ನು ಅಡ್ಡ ಇಡಿಸಿದ್ದೇನೆ, ಬಾಲ್ಕನಿಯ ಬಾಗಿಲ ಪಕ್ಕ. ದಸರೆಯಲ್ಲಿ ಬೊಂಬೆಯ ಮೊದಲ ಮೆಟ್ಟಿಲು, ಉಳಿದ ದಿನ ಕೂರುವ ಜಾಗ. ಟ್ರಂಕಿನೊಳಗೆ ಬೊಂಬೆಗಳು. ಬೆಳಿಗ್ಗೆ ಸೀಮೆಸುಣ್ಣದಿಂದ ಚೌಕ ಬರೆದೆ. ಕೆಳಮನೆಯ ಐದನೇ ತರಗತಿಯ ಹುಡುಗಿ ಬಂದು ನಿಯಮ ಕಲಿತು, ನನ್ನ ಎರಡು ಕಾಯಿ ಕಡಿದು ಹೋದಳು.

ಶ್ರುತಿಪೆಟ್ಟಿಗೆ:
ಅಮ್ಮಾ, ರೇಡಿಯೊದ ಕಲಾವಿದರು ಅವರವರ ಶ್ರುತಿಯಲ್ಲಿ ಹಾಡುತ್ತಾರೆ, ಇವರ ಐದು ಮನೆ ಕೊಳಲು ಅದಕ್ಕೆ ಸೇರುವುದಾದರೂ ಹೇಗೆ? ಗೊಣಗಿದವರ ಕಿವಿ ಚೆನ್ನಾಗಿದೆ. ಅವರ ಜೊತೆ ಜಗಳವಾಡದಿರಲು ಹೇಳಿ.

ಗಿರಿನಗರಕ್ಕೆ ಹೊಸಬ:
ವಾಕಿಂಗಿನಿಂದ ಬಂದು ನೋಡಿದರೆ ನನ್ನ ಮಾನ ಹರಾಜಾಗಿದೆ. ಏಣಿ ಹಿಡಿದುಕೊಂಡದ್ದು ನಾನು, ಅದನ್ನೂ ಬರೆಯಬಹುದಿತ್ತು. ಮೇಲಿನ ಮನೆಯವರ ಜೊತೆ ಮಾತಾಡಿದೆ, ಹನ್ನೊಂದರಿಂದ ಹನ್ನೆರಡು ಎಂದು ಗೊತ್ತಾಯಿತು. ಹರಿಕಾಂಭೋಜಿ ಇಂದಿನಿಂದ. ವಠಾರದ ಹುಡುಗರೇ, ನೀವು ಹೇಳಿದ್ದು ನಾಟಿತು, ಅಚ್ಚುಕಟ್ಟು ಎಂದೇ ಇಟ್ಟುಕೊಳ್ಳೋಣ. ಮಣೆಯ ಸಲಹೆ ನಿಮ್ಮದು, ಭಾನುವಾರ ಸಂಜೆ ನಾಲ್ಕಕ್ಕೆ ಬನ್ನಿ. ಕಾಫಿ ಇರುತ್ತದೆ. ತಿಂಡಿಯ ಭರವಸೆ ಕೊಡಲಾರೆ, ಕಾರಣ ಮೇಲೆ ಓದಿದ್ದೀರಿ.

ವಠಾರದ ಹುಡುಗ:
ಬರುತ್ತೇನೆ. ಕಡಲೆಕಾಯಿ ನಾನೇ ತರುತ್ತೇನೆ, ಕವಡೆಯನ್ನೂ ತರುತ್ತೇನೆ. ವಠಾರದ ಕವಡೆ, ಅಕ್ಕ ಇಟ್ಟುಕೊಂಡಿದ್ದಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಆಟ. ಇದರಲ್ಲಿ ಚರ್ಚೆಯಿಲ್ಲ.

ಮಲ್ಲೇಶ್ವರ ಹದಿನೈದನೇ ಅಡ್ಡರಸ್ತೆ:
ಕಾಯಿ ಕಡಿದರೂ ಇನ್ನೊಂದು ಆಟ ಉಂಟು, ನಮ್ಮ ಮನೆಯಲ್ಲಿ.

ವಠಾರದ ಹುಡುಗ:
ನಿಮ್ಮ ಮನೆಯಲ್ಲಿ ಇರಬಹುದು.

ಗಿರಿನಗರಕ್ಕೆ ಹೊಸಬ:
ಮತ್ತೆ ನಾನೇ, ಹೆಂಡತಿ. ಕಡಿದರೆ ಇನ್ನೊಂದು ಆಟ ಉಂಟು. ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಬಿಡುವುದಿಲ್ಲ. ಮಣೆ ನಮ್ಮದು.